ಹುಗ್ಗಿಯಾದ ನೂಲು

ಗುಂಡಿಮಗ್ಗದಲ್ಲಿ ಕೂತು ಕೂತು ನಮ್ಮ ಮಾವನವರ ಬಲಭುಜ ಇಳಿದುಹೋಗಿತ್ತು. ಕುಷ್ಟಗಿಯ ಓಣಿಯಲ್ಲಿ ನಡೆದು ಬರುವಾಗ ಪಕ್ಕದ ಯಾರದೋ ಮಾತಿಗೆ ಕಿವಿಗೊಟ್ಟವರಂತೆ ಕಾಣುತ್ತಿದ್ದರು. ಸಿಟ್ಟು ಬಂದರೆ ಮಾತಿಲ್ಲ, ಲಾಳಿಯನ್ನು ಜೋರಾಗಿ ಎಸೆಯುತ್ತಿದ್ದರು. ಆ ಸಪ್ಪಳಕ್ಕೆ ಅತ್ತೆಯವರು, "ಇವತ್ತು ಹಿರ್ಯಾರ ತಂಟೇಕ ಹೋಗಬ್ಯಾಡವಾ" ಎಂದು ನನಗೆ ಕಣ್ಸನ್ನೆ ಮಾಡುತ್ತಿದ್ದರು.

ನಮ್ಮದು ನಿಜಾಮರ ಸೀಮೆ. ಜೈಲಿನಿಂದ ಬಿಟ್ಟುಬಂದವರು ದುಡಿದು ಬದುಕಲೆಂದು ಸರ್ಕಾರ ಕೆಲವು ತಿಂಗಳು ನೂಲು ಕೊಡುತ್ತಿತ್ತು. ಒಳಗೆ ನೇಯ್ಗೆ ಕಲಿತವರು ಬಂದು ಮಾವನವರ ಎರಡನೇ ಮಗ್ಗದಲ್ಲಿ ಕೂಡುತ್ತಿದ್ದರು. ಹಿಟ್ನಾಳದವನೊಬ್ಬ ಹಾಗೆ ಬಂದ. ನಮ್ಮ ಕುಲದವನೇ. ಬದುವಿನ ಜಗಳದಲ್ಲಿ ಅವನ ಏಟಿಗೆ ದಾಯಾದಿ ಸತ್ತಿದ್ದ. ನೇಯ್ಗೆ ಚೆಂದವಿತ್ತು, ಸೀರೆ ಮಾತ್ರ ಯಾರಿಗೂ ಬೇಡ.

"ಕೊಂದವನ ಕೈಯಾಗಿನ ಸೀರಿ ಉಡಿಸಿ ಮಗಳನ್ನ ಹ್ಯಾಂಗ ಕಳಸ್ಲೆವ್ವಾ?" ಎಂದು ಹೆಂಗಸರು ಮಡಚಿಟ್ಟು ಹೋದರು.

ಕುಲದವರಿಗೆಲ್ಲ ಊಟ ಹಾಕಿ ಪಂಕ್ತಿಯಲ್ಲಿ ಕೂತು ಉಂಡರೆ ಅಂಥವನು ಮತ್ತೆ ನಮ್ಮವನಾಗುವುದು ರೂಢಿ. ಅವನಲ್ಲಿ ಏನಿತ್ತು? ಮಾವನವರು ಆ ಸಲದ ಸರ್ಕಾರಿ ನೂಲು ಮಾರಿ ಗೋದಿಹುಗ್ಗಿ ಮಾಡಿಸಿದರು. ಹಿರಿಯರು ಅವನನ್ನು ನಡುವೆ ಕೂಡಿಸಿಕೊಂಡು ಉಂಡರು. ಮುಂದಿನ ಸಂತೆಯೊಳಗೆ ಅವನ ಸೀರೆಗಳೆಲ್ಲ ಮಾರಿಹೋದವು.

ತಪಾಸಣೆಗೆ ಬಂದ ಗಿರ್ದಾವರರು ಬರಿದಾದ ಮಗ್ಗ ನೋಡಿ, "ನೂಲೆಲ್ಲಿ?" ಎಂದರು.

"ಊರು ಉಂಡೈತ್ರಿ, ಸಾಹೇಬ್ರ."

"ಸರ್ಕಾರ ಕೊಟ್ಟಿದ್ದು ನೇಯಾಕ, ಹುಗ್ಗಿಗಲ್ಲ."

"ನೇಯ್ದದ್ದು ಉಡೋರು ಬೇಕಲ್ರಿ? ಈಗ ಹೆಣ್ಮಕ್ಕಳು ತಾವಾಗಿ ಕೇಳಾಕತ್ಯಾರ."

ಗಿರ್ದಾವರರು ನಕ್ಕರು. ನಕ್ಕವರು ವರದಿಯನ್ನೂ ಬರೆದರು. ನಮ್ಮ ಮನೆಗೆ ಬರುತ್ತಿದ್ದ ನೂಲು ಅಲ್ಲಿಗೆ ನಿಂತಿತು.

ಹಿಂದೆಯೇ ಯಲಬುರ್ಗಾ ಕಡೆಯವನೊಬ್ಬ ಬಿಡುಗಡೆಯಾಗಿ ಬಂದ. ಹಸಿವಿಗೆ ಜೋಳ ಕದ್ದು ಜೈಲು ಕಂಡವನು. ಯುದ್ಧದ ದಿನಗಳು, ನಮ್ಮ ಮಗ್ಗಕ್ಕೇ ನೂಲು ಸಿಗುತ್ತಿರಲಿಲ್ಲ. ಮಾವನವರು ಕಚೇರಿಗೆ ಅಲೆದರು. "ತಪ್ಪು ನಂದು. ಅವನ್ನ ಯಾಕ ಉಪಾಸ ಕೆಡವ್ತೀರಿ?" ಎಂದು ಕೇಳಿದರಂತೆ. ನೂಲು ಮಾತ್ರ ಬರಲಿಲ್ಲ. ನಮ್ಮಲ್ಲೇ ಉಣ್ಣುತ್ತಿದ್ದವನು ಒಂದು ದಿನ ತಟ್ಟೆ ಸರಿಸಿ, "ನಿಮ್ಮ ಮಕ್ಕಳ ಪಾಲಿಂದು ಎಷ್ಟು ದಿನ ಉಣ್ಣಲ್ರೀ ಅಕ್ಕಾರ?" ಎಂದ. ಆ ಮಧ್ಯಾಹ್ನವೇ ಹೇಳದೆ ಹೋದ. ಯಾರದೋ ನೆಲದಡಿಯ ಹಗೇವಿಗೆ ಇಳಿದು ಜೋಳ ತುಂಬುವಾಗ ಸಿಕ್ಕುಬಿದ್ದು ಮತ್ತೆ ಜೈಲು ಸೇರಿದ ಸುದ್ದಿ ಸಂತೆಗೆ ಬಂದವರಿಂದ ತಿಳಿಯಿತು.

ಅಂದಿನಿಂದ ಮಾವನವರು ತಾಟಿನಲ್ಲಿ ಅರ್ಧ ಉಳಿಸಿ ಏಳುತ್ತಿದ್ದರು. ಈ ಸಲದ ಜ್ವರದಲ್ಲಿ ನನ್ನನ್ನು ಹತ್ತಿರ ಕರೆದು, "ಒಬ್ಬನ್ನ ಪಂಕ್ತಿಗೆ ಕೂಡ್ಸಾಕ ಹೋಗಿ ಇನ್ನೊಬ್ಬನ ತುತ್ತು ಕಸ್ಕೊಂಡ್ನೇನವ್ವಾ?" ಎಂದರು.

"ಇಲ್ರೀ ಮಾವಾರ" ಎಂದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಬೆಳಗಾಗುವುದರೊಳಗೆ ಹೋಗಿಬಿಟ್ಟಿದ್ದರು.

ಮಾತಾಡಿಸಲು ಬಂದವರೆಲ್ಲ ಅವರನ್ನು ಪುಣ್ಯವಂತರೆನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ಹೊಸಬರು ಬಂದರೆ ಮೊದಲು ಊಟ, ಆಮೇಲೆ ಊರು ಹೆಸರು ಕೇಳುವುದು ಎಂಬುದನ್ನು ಅವರಿಂದ ಕಲಿತೆ. ಯಲಬುರ್ಗಾದವನು ಬಿಡುಗಡೆಯಾಗಿ ಬಾಗಿಲಿಗೆ ಬಂದರೆ ಅವನಿಗೂ ಮೊದಲು ಬಡಿಸುತ್ತೇನೆ. ಉಂಡು ಕೈತೊಳೆದ ಮೇಲೆ ಏನು ಹೇಳಬೇಕೆಂಬುದನ್ನು ಮಾವನವರು ಹೇಳಿ ಹೋಗಲಿಲ್ಲ.