ಗಾಜಿನ ಪೆಟ್ಟಿಗೆಯಲ್ಲಿ ಜೋಕುಮಾರ

ಮೂರು ವರ್ಷದ ಹಿಂದೆ, ಭಾದ್ರಪದದ ಹುಣ್ಣಿಮೆಯ ದಿನ, ಊಟ ಮುಗಿಸಿದ ಜನ ಮತ್ತೆ ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದ ಹೊತ್ತಿನಲ್ಲಿ, ನಾನು ಹೊನ್ನಾಳಿಯ ಸಮುದಾಯ ಭವನದೊಳಗೆ ಬಾಗಿಲಿನಿಂದ ಎಡಕ್ಕೆ ಎರಡನೆಯ ಕಂಬದ ಪಕ್ಕ ನಿಂತಿದ್ದೆ. ನನ್ನ ಎಡಗೈ ಕಂಬದ ಮೇಲಿತ್ತು. ನನಗೂ ಗಾಜಿನ ಪೆಟ್ಟಿಗೆಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ. ಅಡ್ಡ ಯಾರೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಈ ಸಂಗತಿಯನ್ನು ಕಂಡಂತೆ ವರ್ಣಿಸಿದವರಲ್ಲಿ ಹೆಚ್ಚಿನವರು ಆ ದಿನ ಭವನಕ್ಕೆ ಬಂದೇ ಇರಲಿಲ್ಲ.

ನನ್ನದು ನ್ಯಾಮತಿಯಲ್ಲಿ ಬಟ್ಟೆ ಅಂಗಡಿ. ಗಣಪತಿ ಬಿಟ್ಟ ಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕೆಲವರು ಸೇರಿ ಒಂದು ಕಲಾ ಪ್ರದರ್ಶನ ಮಾಡುತ್ತೇವೆ, ವರ್ಷಕ್ಕೊಂದು ಊರಿನಲ್ಲಿ. ಶಾಲೆಯ ಮಕ್ಕಳ ಚಿತ್ರ, ರಂಗೋಲಿ, ಕೌದಿ, ಭತ್ತದ ತೆನೆಯ ತೋರಣ. ಆ ವರ್ಷ ಮಳೆಗಾಲದ ಹಬ್ಬಗಳ ಮಣ್ಣಿನ ಮೂರ್ತಿಗಳನ್ನೂ ಇಡಬೇಕೆಂದು ತೀರ್ಮಾನವಾಗಿತ್ತು. ಕಾರ ಹುಣ್ಣಿಮೆ ಕಳೆದ ಮೇಲೆ ಮಾಡುವ ಮಣ್ಣೆತ್ತು, ಪಂಚಮಿಯ ನಾಗಪ್ಪ, ಆಮೇಲೆ ಗಣಪ, ಕೊನೆಗೆ ಜೋಕುಮಾರ. ನನಗೆ ಬರೆಯಲೂ ಬಾರದು, ಬಿಡಿಸಲೂ ಬಾರದು. ಹಾಗಾಗಿ ನನ್ನ ಪಾಲಿಗೆ ಬಂದ ಕೆಲಸ, ಮಧ್ಯಾಹ್ನದ ಹೊತ್ತು ಭವನದೊಳಗೆ ಓಡಾಡುತ್ತ "ಮುಟ್ಟಬ್ಯಾಡ್ರಿ" ಅನ್ನುವುದು.

ಜೋಕುಮಾರನನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. ಗಣಪ ಬಂದು ನಾಲ್ಕು ದಿನಕ್ಕೆ ಇವನು ಹುಟ್ಟುತ್ತಾನೆ. ಸುಡದ ಹಸಿ ಮಣ್ಣಿನ ಮೂರ್ತಿ. ಅಗಲ ಮುಖ, ದೊಡ್ಡ ಕಣ್ಣು, ಮೇಲಕ್ಕೆ ತಿರುವಿದ ಮೀಸೆ, ತೆರೆದ ಬಾಯಿ, ಬಾಯಿ ತುಂಬ ಬೆಣ್ಣೆ. ಸೊಂಟದ ಕೆಳಗೆ ಗಂಡಸುತನವನ್ನು ಕುಂಬಾರ ಮುಚ್ಚಿಡದೆ ಮಾಡಿರುತ್ತಾನೆ. ಬಿದಿರು ಬುಟ್ಟಿಯಲ್ಲಿ ಕೂರಿಸಿ, ಕುತ್ತಿಗೆಯವರೆಗೆ ಬೇವಿನ ಸೊಪ್ಪು ತುಂಬಿ, ಹೆಂಗಸರು ತಲೆಯ ಮೇಲೆ ಹೊತ್ತು ಊರೂರು ತಿರುಗುತ್ತಾರೆ. ಮನೆಯವರು ಮೊರದಲ್ಲಿ ಕಾಳು ತಂದು ಹಾಕುತ್ತಾರೆ. ಬುಟ್ಟಿಯಿಂದ ಒಂದೆಸಳು ಬೇವು ಇಸಿದುಕೊಂಡು ಹೊಲಕ್ಕೆ ಒಯ್ಯುತ್ತಾರೆ. ಅವನ ಆಯುಷ್ಯ ಏಳೇ ದಿನ. ಹುಣ್ಣಿಮೆಗೆ ಸತ್ತು, ಊರಿನ ಮಳೆ ಬೆಳೆಯ ಸುದ್ದಿಯನ್ನು ಶಿವನಿಗೆ ಮುಟ್ಟಿಸುತ್ತಾನೆ ಎಂಬುದು ನಂಬಿಕೆ. ಅವನನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ಯಾರೂ ಇಲ್ಲ.

ನಮ್ಮ ಜೋಕುಮಾರ ಸಾಸ್ವೆಹಳ್ಳಿ ಕಡೆಯ ಒಂದು ಹಳ್ಳಿಯಿಂದ ಬಂದವನು. ಅವನನ್ನು ಹೊರುವಾಕೆಗೆ ಐವತ್ತು ದಾಟಿರಬಹುದು. ಅತ್ತೆಯಿಂದ ಬಂದ ಹಕ್ಕು, ಬೇರೆ ಯಾರೂ ಆ ಬುಟ್ಟಿ ಹೊರುವಂತಿಲ್ಲ. ಹಿಂದೆ ಮೊರ ಹಿಡಿದು ಕಾಯುತ್ತಿದ್ದ ಮನೆಗಳಲ್ಲಿ ಈಗ ಗೇಟಿನ ಆಚೆಯಿಂದಲೇ "ಮುಂದಕ್ಕೆ ಹೋಗವ್ವ" ಅನ್ನುತ್ತಾರೆ ಎಂದು ಆಕೆ ನನ್ನೆದುರೇ ಹೇಳಿದ್ದಳು. ಪ್ರದರ್ಶನದ ಕಾರ್ಯದರ್ಶಿ, ಚನ್ನಗಿರಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಹುಡುಕಿಕೊಂಡು ಹೋಗಿ ಕೇಳಿದಾಗ ಆಕೆ ಒಪ್ಪಿದ್ದು ಅದಕ್ಕೇ. ದೊಡ್ಡ ಜನ ಬಂದು ನೋಡಿದರು ಅಂದರೆ ಮುಚ್ಚಿದ ಗೇಟು ತೆರೆದಾವು ಎಂಬ ಆಸೆ. ಊರು ತಿರುಗಿಸುವುದು ಮುಗಿದ ಮೇಲೆ ತಂದುಕೊಡಲು ಒಪ್ಪಿ, ಆಕೆ ಹಾಕಿದ್ದು ಒಂದೇ ಕರಾರು. ಹುಣ್ಣಿಮೆ ಮಧ್ಯಾಹ್ನ ಅವನನ್ನು ತನ್ನ ಕೈಗೆ ಕೊಡಬೇಕು. ಹೊತ್ತು ಮುಳುಗುವುದರೊಳಗೆ ಅವನು ಹೊಳೆ ಕಾಣದಿದ್ದರೆ, ಮುಂದಿನ ವರ್ಷದಿಂದ ಬುಟ್ಟಿ ಊರೊಳಗೆ ಬರುವುದು ಬೇಡ ಎಂದು ಅವಳೂರಿನ ಹಿರಿಯರು ಹೇಳಿ ಕಳಿಸಿದ್ದರು.

ಮೇಷ್ಟ್ರು ಒಳ್ಳೆಯವರು. ಆದರೆ ಅವರಿಗೆ ಮೂರ್ತಿ ಪೂರ್ತಿ ಕಾಣಬೇಕಿತ್ತು. ಬೇವಿನ ಸೊಪ್ಪನ್ನೆಲ್ಲ ತೆಗೆಸಿದರು. ತೆಗೆಸಿದ ಮೇಲೆ ಅವರೇ ಬೆಚ್ಚಿ, ಹೆಣ್ಣುಮಕ್ಕಳು ಓಡಾಡುವ ಜಾಗವೆಂದು ನನ್ನ ಅಂಗಡಿಯಿಂದ ಒಂದು ಜರಿ ಅಂಚಿನ ತುಂಡು ತರಿಸಿ ಸೊಂಟಕ್ಕೆ ಸುತ್ತಿದರು. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಎಲೆ ಕಿತ್ತೋರೂ ನೀವೇ, ಪಂಚೆ ಉಡಿಸೋರೂ ನೀವೇ. ಅವನೇನು ನಿಮ್ಮ ಮದುವೆ ಗಂಡೇನ್ರೀ ಮೇಷ್ಟ್ರೇ?"

"ಪ್ರದರ್ಶನ ಅಂದ ಮೇಲೆ ಒಂದು ಶಿಸ್ತು ಬೇಕಲ್ಲವ್ವ."

"ಅವನಿಗೆ ಶಿಸ್ತು ಇದ್ದಿದ್ರೆ ಏಳು ದಿನಕ್ಕೆ ಯಾಕೆ ಸಾಯ್ತಿದ್ದ?"

ಕೂರಿಸಲು ಗಾಜಿನ ಪೆಟ್ಟಿಗೆ ಸಿಕ್ಕಿದ್ದು ಬಸ್ ನಿಲ್ದಾಣದ ಬೇಕರಿಯಿಂದ. ಪಫ್ಸ್ ಇಡುವ ಪೆಟ್ಟಿಗೆ. ಒಳಗೆ ಮೇಲ್ಗಡೆ ಒಂದು ಹಳದಿ ಬಲ್ಬು, ಹಿಂಬದಿಗೆ ಬೀಗದ ಬಾಗಿಲು. ಬೆಳಕು ಚೆನ್ನಾಗಿ ಬೀಳುತ್ತದೆಂದು ಮೇಷ್ಟ್ರು ಬಲ್ಬು ಹಾಕಿಯೇ ಇಟ್ಟರು. ಬೀಗ ಹಾಕಿ ಕೀಲಿ ಜೇಬಿಗಿಳಿಸಿದರು. ಜನ ಮುಗಿಬಿದ್ದು ನೋಡಿದ್ದಂತೂ ನಿಜ. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದವು. ಕಾಲೇಜಿನ ಹುಡುಗಿಯರು ಇವನಾರೆಂದು ಕೇಳುತ್ತಿದ್ದರು, ಉತ್ತರ ಗೊತ್ತಿದ್ದ ಅಜ್ಜಿಯರು ಅರ್ಧ ಹೇಳಿ ಅರ್ಧ ನುಂಗುತ್ತಿದ್ದರು. ನನಗೂ ಅವನನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನೋಡುವುದು ಹೊಸದು. ಬುಟ್ಟಿಯಲ್ಲಿ ನಗುವಂತೆ ಕಾಣುತ್ತಿದ್ದ ಮುಖ ಗಾಜಿನೊಳಗೆ ಏನನ್ನೋ ಕೇಳಲು ಬಾಯಿ ತೆರೆದಂತೆ ಕಾಣುತ್ತಿತ್ತು. ಯಾಕೆ ಹಾಗೆ ಎಂದು ಬೇರೆ ಬೇರೆ ಕಡೆಯಿಂದ ನಿಂತು ನೋಡಿದೆ. ತಿಳಿಯಲಿಲ್ಲ.

ಹುಣ್ಣಿಮೆಯ ದಿನ ಆಕೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಕಂಕುಳಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಆಗಷ್ಟೇ ಮುರಿದ ಬೇವು. ಮೇಷ್ಟ್ರು ಬೆಳಿಗ್ಗೆಯೇ ದಾವಣಗೆರೆಗೆ ಹೋಗಿದ್ದರು. ಸಮಾರೋಪಕ್ಕೆ ಬರಬೇಕಾಗಿದ್ದ ಅಧಿಕಾರಿ ಬರುವುದನ್ನು ಮಾರನೆಯ ದಿನಕ್ಕೆ ಹಾಕಿದ್ದರು, ಅದರ ಏರ್ಪಾಟಿಗೆ. ಕೀಲಿಯೂ ಅವರ ಜೇಬಿನಲ್ಲೇ ಹೋಗಿತ್ತು. ನಾನು ಫೋನ್ ಮಾಡಿ, ಆಕೆಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

"ನಾಳೆ ಒಂದು ದಿನ ಇರಲಿ ಅನ್ರೀ. ಸಾಹೇಬರು ಅದನ್ನೇ ನೋಡಬೇಕು ಅಂದಿದಾರೆ. ಇವತ್ತಿನ ಶಾಸ್ತ್ರಕ್ಕೆ ಕುಂಬಾರರ ಹತ್ರ ಇನ್ನೊಂದು ಮಾಡಿಸಿಕೊಡೋಣ."

ಆಕೆ ಫೋನಿನ ಹತ್ತಿರ ಬಾಗಿದಳು. "ಮೇಷ್ಟ್ರೇ, ನಿಮ್ಮ ಮನೇಲಿ ಯಾರನ್ನಾದ್ರೂ ಕಳಿಸಿಕೊಡಬೇಕಾದ್ರೆ, ಅವರನ್ನ ಇಟ್ಕೊಂಡು ಬದಲಿಗೆ ಇನ್ನೊಬ್ಬರನ್ನ ಕಳಿಸ್ತೀರೇನು?"

ಅತ್ತ ಕಡೆ ಬಸ್ಸಿನ ಹಾರನ್ ಕೇಳಿಸಿತು. ಮತ್ತೆ ಮಾಡುತ್ತೇನೆಂದು ಅವರು ಫೋನ್ ಇಟ್ಟರು.

ಪೆಟ್ಟಿಗೆಯ ಪಕ್ಕದಲ್ಲೇ ಜಗಳೂರಿನ ಹೆಂಗಸೊಬ್ಬಳು ತಾನು ಹೊಲಿದ ಕೌದಿಗಳನ್ನು ಹರಡಿಕೊಂಡು ಕೂತಿದ್ದಳು. ಬಾಯಿ ಜೋರು, ಸೂಜಿ ಅದಕ್ಕಿಂತ ಜೋರು. ಅವಳು ಹೊಲಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಏನ್ರೀ ಸಾವ್ಕಾರ್ರೆ, ನಿಮ್ಮ ಕಡೆ ಚಾನಲ್ ನೀರು ಐತೆ, ಹೊಳೆ ಐತೆ. ನಿಮಗೆ ಜೋಕಪ್ಪ ಅಂದ್ರೆ ಗೊಂಬೆ. ನಮ್ಮೂರ ಶೇಂಗಾ ಕಾಯಿ ಕಟ್ಟಬೇಕಂದ್ರೆ ಇನ್ನೊಂದು ಮಳೆ ಬೇಕು. ಹೇಳಾಕೆ ಹೋಗೋನನ್ನೇ ಬೇಕರಿ ಡಬ್ಬೀಲಿ ಕೂರಿಸಿ ಬೀಗ ಜಡಿದೀರಲ್ಲ!"

"ಕೀಲಿ ನನ್ನತ್ರ ಇಲ್ಲವ್ವ."

"ಗಾಜು ಒಡೀರಿ. ಕೈ ಐತಲ್ಲ."

"ಒಡೆಯೋದು ಬ್ಯಾಡ," ಎಂದಳು ಬುಟ್ಟಿಯಾಕೆ. "ಗಾಜಿನ ಚೂರು ಅವನಿಗೇ ತಾಗುತ್ತೆ. ನಾಳೆ ಊರಾಗೆ, ಆಕೆ ಕಳ್ಳಿ ಹಂಗೆ ಒಡ್ಕೊಂಡು ಬಂದ್ಲು ಅಂತಾರೆ. ಆಗ ಗೇಟು ಪೂರ್ತಿ ಮುಚ್ತೈತೆ."

ಹೀಗಂದು ಬುಟ್ಟಿಯನ್ನು ನೆಲಕ್ಕಿಟ್ಟು, ಪೆಟ್ಟಿಗೆಯ ಎದುರು ಕಾಲು ಮಡಚಿ ಕೂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಗಾಜಿನ ಹತ್ತಿರ ಬಾಯಿ ತಂದು ಮಾತಾಡತೊಡಗಿದಳು. ಹಾಡಲ್ಲ, ಮಂತ್ರವಲ್ಲ. ಊರಿನಲ್ಲಿ ಕಂಡದ್ದನ್ನು ಹೋಗುವವನ ಕೈಲಿ ಹೇಳಿ ಕಳಿಸುವ ಮಾತು. ಗೌಡರ ಬಾವಿಯ ಹತ್ತಿರದ ಮನೆಯ ಎಮ್ಮೆ ಗಬ್ಬ ನಿಂತಿಲ್ಲ. ಮೇಲಿನ ಕೇರಿಯ ಸೊಸೆ ಮೂರನೆಯ ಸಲ ಬಸುರಿ, ಈ ಸಲವಾದರೂ ಉಳಿಯಲಿ. ಕಾಲುವೆ ಕೊನೆಯ ಗದ್ದೆಗೆ ನೀರು ಏರುತ್ತಿಲ್ಲ. ಗೇಟಿನಿಂದಲೇ ಆಕೆಯನ್ನು ಕಳಿಸಿದ ಮನೆಗಳೂ ಬಂದವು. ಆ ಮನೆಯ ಮುದುಕನ ಮಂಡಿ ನೋವನ್ನೂ ಬಿಡದೆ ಹೇಳಿದಳು. ಬೈದವರ ಮನೆಯ ಸುಖದುಃಖ ಈಕೆಗೆ ಹೇಗೆ ಗೊತ್ತು ಎಂದು ನಾನು ಯೋಚಿಸುತ್ತಿದ್ದೆ. ಜಗಳೂರಿನವಳು ಕೌದಿಯ ಮೇಲಿಂದ ಎದ್ದು ಬಂದು ಪಕ್ಕದಲ್ಲಿ ಕೂತಳು.

"ಯಕ್ಕಾ, ನಮ್ಮ ಶೇಂಗಾನೂ ಹೇಳೇ."

"ನೀನೇ ಹೇಳು. ಅವನಿಗೇನು ಕಿವಿ ಇಲ್ಲೇನು?"

ಜಗಳೂರಿನವಳು ಬಾಯಿ ತೆರೆದಳು. ಮೊದಲ ಬಾರಿಗೆ ಅವಳಿಗೆ ಮಾತು ಹೊರಡಲಿಲ್ಲ.

ಈಗ ನಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಜೋಕುಮಾರನ ಎಡ ಕಿವಿಯ ಕೆಳಗೆ ಒಂದು ಗೆರೆ ಇತ್ತು. ಅದು ಬೆಳಿಗ್ಗೆ ಇತ್ತೋ ಇಲ್ಲವೋ ಹೇಳಲಾರೆ, ನಾನು ಕಂಡದ್ದು ಆಗ. ಗೆರೆ ಕುತ್ತಿಗೆಯ ಸುತ್ತ ಬಲಕ್ಕೆ ನಡೆಯಿತು. ಅವಸರವಿಲ್ಲದೆ, ಒಣ ಗೋಡೆಯ ಮೇಲೆ ನೀರಿನ ಹನಿ ಇಳಿದ ಹಾಗೆ. ಶೇಂಗಾ ಸಿಪ್ಪೆ ಒಡೆದಷ್ಟು ಸಪ್ಪಳವಾಯಿತು. ತಲೆ ಮುಂದಕ್ಕೆ ಬಾಗಿತು, ಜಾರಿತು, ಗಾಜಿಗೆ ಬಾಯಿ ಕೊಟ್ಟು ನಿಂತಿತು. ಆಕೆಯ ಮುಖ ಈಚೆ, ಅವನ ಮುಖ ಆಚೆ. ಬೆಣ್ಣೆ ಗಾಜಿಗೆ ಮೆತ್ತಿಕೊಂಡಿತು. ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟದಂತೆ ನೋಡುವುದೇ ನನ್ನ ಕೆಲಸವಾಗಿತ್ತು, ನಾನು ನೋಡುತ್ತಲೇ ಇದ್ದೆ.

ನಾನು ಕಂಬ ಹಿಡಿದೇ ನಿಂತೆ. ಜಗಳೂರಿನವಳು "ಯಪ್ಪಾ" ಎಂದು ಬಾಯಿ ಮುಚ್ಚಿಕೊಂಡಳು. ರಂಗೋಲಿಯ ಹತ್ತಿರ ನಿಂತಿದ್ದ ಒಬ್ಬಳು ಕಾಲೇಜು ಹುಡುಗಿ ಫೋನ್ ಎತ್ತಿದವಳು, ಏನನಿಸಿತೋ, ಕೆಳಗಿಳಿಸಿದಳು. ಬುಟ್ಟಿಯಾಕೆ ಮಾತ್ರ ಕದಲಲಿಲ್ಲ. ಕೂತಲ್ಲಿಂದಲೇ, "ಅವನು ಹೊಂಟ. ಇನ್ನು ಹೊಳೆಗೆ ಬಿಡೋ ನನ್ನ ಕೆಲಸ ಉಳೀತು," ಎಂದಳು.

ಮೇಷ್ಟ್ರಿಗೆ ಮತ್ತೆ ಫೋನ್ ಮಾಡಿ ತಲೆ ಮುರಿದದ್ದನ್ನು ಹೇಳಿದೆ. ಅವರು ಸಣ್ಣ ದನಿಯಲ್ಲಿ, "ಬೇಕರಿಯವರ ಹತ್ರ ಇನ್ನೊಂದು ಕೀಲಿ ಐತೆ," ಎಂದರು. ಅದು ಅವರಿಗೆ ಬೆಳಿಗ್ಗೆಯೂ ಗೊತ್ತಿತ್ತು. ನಾನು ಬೇಕರಿಗೆ ಹೇಳಿ ಕಳಿಸಿದೆ. ಬೇಕರಿಯವರು ಮೈದಾ ಹಿಟ್ಟಿನ ಕೈಯಲ್ಲೇ ಓಡಿ ಬಂದು ತೆಗೆದುಕೊಟ್ಟರು. ಆಕೆ ಮೊದಲು ಜರಿಯ ತುಂಡನ್ನು ಬಿಚ್ಚಿ, ಮಡಚಿ, ನನ್ನ ಕೈಗೆ ಕೊಟ್ಟಳು. ಆಮೇಲೆ ಮೈಯನ್ನು ಬೇವಿನ ಮೇಲೆ ಮಲಗಿಸಿ, ತಲೆಯನ್ನು ಎದೆಯ ಹತ್ತಿರ ಇಟ್ಟು, ಸೊಪ್ಪು ಮುಚ್ಚಿದಳು. ನಾವು ಹೊಳೆಯ ದಂಡೆಗೆ ಹೋದಾಗ ಬಿಸಿಲು ಇನ್ನೂ ಸೇತುವೆಯ ಮೇಲಿತ್ತು. ಆಕೆ ಸೊಂಟದವರೆಗೆ ನೀರಿಗಿಳಿದು ಬುಟ್ಟಿ ಬಗ್ಗಿಸಿದಳು. ಸುಡದ ಮಣ್ಣು ಹೊಳೆಯಲ್ಲಿ ಕರಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮೇಷ್ಟ್ರು ಆಮೇಲೆ ಕಾರಣ ಬಿಡಿಸಿ ಹೇಳಿದರು. ಬೇವಿನ ಸೊಪ್ಪು ಮಣ್ಣಿನ ತೇವ ಕಾಯುತ್ತಿತ್ತು. ಸೊಪ್ಪು ತೆಗೆದು, ಪಫ್ಸ್ ಬಿಸಿ ಇಡುವ ಬಲ್ಬಿನ ಕೆಳಗೆ ಕೂರಿಸಿದರೆ ಮಣ್ಣು ಬಿರಿಯದೆ ಇರುತ್ತದೆಯೇ? ಎಲ್ಲಕ್ಕಿಂತ ತೆಳು ಇರುವುದು ಕುತ್ತಿಗೆ. ನಾನು ಒಪ್ಪಿದೆ. ಒಪ್ಪಿದರೂ ಸುಮ್ಮನಿರಲಾಗದೆ ಕುಂಬಾರರಿಂದ ಅದೇ ಮಣ್ಣಿನ ಮೂರು ಮುದ್ದೆ ತಂದು ಮನೆಯಲ್ಲಿ ಬಲ್ಬಿನ ಕೆಳಗಿಟ್ಟೆ. ಮೂರೂ ಬಿರಿದವು. ಮೂರೂ ಒಂದೊಂದು ಹೊತ್ತಿಗೆ ಬಿರಿದವು, ಯಾವುದೂ ನಾನು ನೋಡುತ್ತಿದ್ದಾಗ ಬಿರಿಯಲಿಲ್ಲ. ಹೆಂಡತಿ ಕರೆಂಟು ದಂಡ ಎಂದು ಬೈದಳು. ಹುಣ್ಣಿಮೆಯ ಮಧ್ಯಾಹ್ನವೇ, ಆಕೆ ಹೇಳಿ ಮುಗಿಸಿದ ಮೇಲೆಯೇ ಯಾಕೆ ಎಂಬುದಕ್ಕೆ ನನ್ನ ಮುದ್ದೆಗಳಲ್ಲಿ ಉತ್ತರವಿರಲಿಲ್ಲ. ಉತ್ತರ ಇರಲೇಬೇಕು ಎಂದೂ ನಾನು ಹೇಳುವುದಿಲ್ಲ.

ಮರುವರ್ಷ, ಜೋಕುಮಾರ ಹುಟ್ಟುವ ಅಷ್ಟಮಿಯ ಮಾರನೆಯ ಬೆಳಿಗ್ಗೆ, ನಾನು ಸುದ್ದಿ ತಿಳಿಯಲೆಂದೇ ಬೈಕಿನಲ್ಲಿ ಅವಳೂರಿಗೆ ಹೋದೆ. ಬುಟ್ಟಿ ಊರೊಳಗಿತ್ತು. ಬೀಗ ಹಾಕಿದರೂ ತನ್ನ ದಿನ ತಪ್ಪಿಸದೆ ಹೋದ ಜೋಕಪ್ಪ ಎಂಬ ಮಾತು ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಒಂದು ಕಬ್ಬಿಣದ ಗೇಟಿನ ಹತ್ತಿರ ಆಕೆ ಬುಟ್ಟಿ ಇಳಿಸಿದ್ದಳು. ಗೇಟಿನೊಳಗಿಂದ ಒಬ್ಬ ಮುದುಕ ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಳಿದು, ಮೊರವನ್ನು ತಾನೇ ಹಿಡಿದು ಬರುತ್ತಿದ್ದ. ಆಕೆ ಕಾದಳು. ಅವನು ಗೇಟು ತೆರೆಯುವವರೆಗೆ ಸೊಪ್ಪಿಗೆ ಕೈ ಹಾಕಲಿಲ್ಲ.

ಎಲ್ಲ ಗೇಟುಗಳೂ ತೆರೆದವೆಂದು ಹೇಳಲಾರೆ. ನಾನಿದ್ದಷ್ಟು ಹೊತ್ತಿನಲ್ಲಿ ಎರಡು ಮನೆಯವರು ಮುಂದಕ್ಕೆ ಹೋಗೆಂದರು.

ಅಂದು ಭವನದಲ್ಲಿ ಕಣ್ಣಾರೆ ಕಂಡವರು ನನ್ನನ್ನು ಬಿಟ್ಟರೆ ಮೂವರು, ಮೂವರೂ ಇದ್ದಾರೆ. ರಂಗೋಲಿಯ ಹತ್ತಿರ ನಿಂತಿದ್ದ ಹುಡುಗಿ ಚನ್ನಗಿರಿಗೆ ಮದುವೆಯಾಗಿ ಹೋಗಿದ್ದಾಳೆ. ಕೇಳಿದರೆ, ತಲೆ ಬಿದ್ದದ್ದು ಕಂಡೆ, ಗೆರೆ ಕಾಣಲಿಲ್ಲ ಅನ್ನುತ್ತಾಳೆ. ಜಗಳೂರಿನ ಕೌದಿಯವಳು ಈಗಲೂ ಪ್ರತಿ ಪ್ರದರ್ಶನಕ್ಕೆ ಬರುತ್ತಾಳೆ. ತಾನು ಶೇಂಗಾದ ಮಾತು ಮನಸ್ಸಿನಲ್ಲಿ ಮುಗಿಸಿದ ಮೇಲೆಯೇ ಅವನು ತಲೆ ಬಾಗಿಸಿದ್ದು ಎಂದು ಸಾಧಿಸುತ್ತಾಳೆ. ಮೂರನೆಯವಳು ಬುಟ್ಟಿ ಹೊರುವಾಕೆ. ಕೇಳಿದರೆ, ಅವನ ದಿನ ಬಂದಿತ್ತು, ಹೊಂಟ ಅನ್ನುತ್ತಾಳೆ.