ಎಂಜಿನ್ ಎತ್ತಿ ಅಳೆದ ದೋಣಿ

ಟೇಪಣ್ಣನ ಕುತ್ತಿಗೆ ಎಡಕ್ಕೆ ತಿರುಗಿಯೇ ಇರುತ್ತಿತ್ತು. ಇಪ್ಪತ್ತಾರು ವರ್ಷ ಟ್ರ್ಯಾಕ್ಟರ್ ಮೇಲೆ ಕೂತು, ಹಿಂದಿನ ಟ್ರೇಲರನ್ನು ನೋಡುತ್ತ, ಊರವರ ದೋಣಿಗಳನ್ನೆಲ್ಲ ಹಿಂದುಮುಂದಾಗಿ ನೀರಿಗಿಳಿಸಿದವರ ಕುತ್ತಿಗೆ ಮತ್ತೆ ಹೇಗಿರಬೇಕು? ಎದುರಿಗೆ ನಿಂತು ಮಾತಾಡುವಾಗಲೂ ನಮ್ಮ ಹೆಗಲಾಚೆ ಯಾರೋ ಬರುತ್ತಿದ್ದಾರೇನೋ ಎಂಬಂತೆ ನೋಡುತ್ತಿದ್ದರು. "ಕಟ್ಟಿಕೊಂಡ ದಿನದಿಂದ ಈ ಮನುಷ್ಯ ನನ್ನನ್ನ ನೆಟ್ಟಗೆ ನೋಡಿಲ್ಲ ಕಣೇ. ಹಿಂದೆ ಯಾವಳಿದ್ದಾಳೋ" ಎಂದು ಅವರ ಹೆಂಡತಿ ನಗುತ್ತಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಒಡಹುಟ್ಟಿದವರಲ್ಲ, ಪಕ್ಕದ ಮನೆ, ನಡುವೆ ಒಂದೇ ಗೋಡೆ.

ಅವರು ದುಡಿಯುತ್ತಿದ್ದ, ದಡದ ದೋಣಿ ಯಾರ್ಡಿನಲ್ಲಿ ನಲವತ್ತೈವತ್ತು ಸಣ್ಣ ಮೋಟಾರು ದೋಣಿಗಳು ಟ್ರೇಲರ್ ಮೇಲೆ ಸಾಲಾಗಿ ನಿಂತಿರುತ್ತವೆ. ದೋಣಿ ಕೊಂಡವರಿಗೆಲ್ಲ ಅದನ್ನು ಇಡುವ ಜಾಗ ಇರುವುದಿಲ್ಲ. ತಿಂಗಳ ಬಾಡಿಗೆ ಕೊಟ್ಟು ಇಲ್ಲಿ ನಿಲ್ಲಿಸುತ್ತಾರೆ. ನೀರಿಗೆ ಹೋಗಬೇಕೆನಿಸಿದ ದಿನ ಟ್ರ್ಯಾಕ್ಟರ್ ಬಂದು ಇಳಿಜಾರಿನಲ್ಲಿ ಇಳಿಸುತ್ತದೆ, ಸಂಜೆ ಎಳೆದು ತಂದು ನಿಲ್ಲಿಸುತ್ತದೆ. ಇಳಿಸಿದ್ದಕ್ಕೊಂದು ಚಾರ್ಜು, ಏರಿಸಿದ್ದಕ್ಕೊಂದು ಚಾರ್ಜು. ಹಳೇ ಬಾಕಿ ಒಂದು ಕಾಸು ಉಳಿದಿದ್ದರೂ ಟ್ರ್ಯಾಕ್ಟರ್ ಅಲ್ಲಾಡುವುದಿಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ನಾನು ದೋಣಿಗಳಿಗೆ ಹೊದಿಸುವ ಕ್ಯಾನ್ವಾಸ್ ಕವರು ಹೊಲಿಯುತ್ತೇನೆ. ನನ್ನ ಕಿಟಕಿ ಇರುವುದು ದೋಣಿ ಅಳೆಯುವ ಕಟ್ಟೆಯ ಎದುರಿಗೆ. ಮಿಷನ್ನು ನಿಂತಾಗಲೆಲ್ಲ ಅಲ್ಲಿಯ ಮಾತು ಕಿವಿಗೆ ಬೀಳುತ್ತದೆ. ಬೇಡವೆಂದರೂ ಬೀಳುತ್ತದೆ.

ಬಾಡಿಗೆ ಲೆಕ್ಕ ಹಾಕುವುದು ಉದ್ದದ ಮೇಲೆ. ಹದಿನಾರು ಅಡಿಯ ಒಳಗೆ ಒಂದು ದರ. ಅದನ್ನು ದಾಟಿದರೆ ಒಂದೂವರೆ ಪಟ್ಟು. ಇಳಿಸುವ, ಏರಿಸುವ ಚಾರ್ಜೂ ಹಾಗೆಯೇ. ಸಣ್ಣ ದೋಣಿಗಳೆಲ್ಲ ಹೆಚ್ಚೆಂದರೆ ಹದಿನೈದೂವರೆ ಅಡಿ. ಆದರೆ ಹಿಂದೆ ತೂಗಿಬಿಟ್ಟ ಎಂಜಿನ್ ಇರುತ್ತದಲ್ಲ, ಅದನ್ನು ಇಳಿಬಿಟ್ಟರೆ ದೋಣಿಯ ಬೆನ್ನಿಗೆ ಒತ್ತಿಕೊಂಡು ನಿಲ್ಲುತ್ತದೆ. ಮೇಲಕ್ಕೆತ್ತಿದರೆ ಅದರ ಕಾಲು ಹಿಂದಕ್ಕೆ ಒಂದೂವರೆ ಅಡಿ ಚಾಚಿಕೊಳ್ಳುತ್ತದೆ. ಮೊದಲೆಲ್ಲ ಇಳಿಬಿಟ್ಟೇ ಅಳೆಯುತ್ತಿದ್ದರು. ಎಂಜಿನ್ ಎತ್ತಿ ಅಳೆಯಬೇಕು ಎಂದು ಯಾರ್ಡಿನ ಯಜಮಾನರಿಗೆ ಹೇಳಿಕೊಟ್ಟವರು ಟೇಪಣ್ಣ.

ಯಾರೂ ಕೇಳಿರಲಿಲ್ಲ. ಯಾರ್ಡಿಗೆ ಜಾಗ ಸಾಲದೆ ಯಜಮಾನರು ತಲೆ ಕೆರೆದುಕೊಳ್ಳುತ್ತಿದ್ದಾಗ ತಾವಾಗಿ ಹೇಳಿದರಂತೆ: "ಬಾಲಾನೂ ಜಾಗ ತಿನ್ನುತ್ತೆ ಯಜಮಾನ್ರೇ, ಬಾಲಕ್ಕೂ ಬಾಡಿಗೆ ಹಾಕಿ." ಒಂದೇ ದಿನದಲ್ಲಿ ಯಾರ್ಡಿನ ಅರ್ಧ ದೋಣಿಗಳು ಹದಿನಾರು ದಾಟಿದವು. ಯಜಮಾನರು ಖುಷಿಯಾಗಿ ಒಂದು ಉಕ್ಕಿನ ಟೇಪು ಕೊಟ್ಟರು. ಅದು ಟೇಪಣ್ಣನ ಸೊಂಟದಲ್ಲಿ ಸದಾ ಇರುತ್ತಿತ್ತು. ಹೆಸರು ಬಂದದ್ದೂ ಹಾಗೆಯೇ.

ದೋಣಿಯವರು ಜಗಳ ಆಡದೆ ಬಿಟ್ಟಾರೆಯೇ? "ಅಳೆಯೋದು ದೋಣೀನೋ, ದೋಣಿಯ ಬಾಲಾನೋ?" ಎಂದು ಕೂಗಾಡುತ್ತಿದ್ದರು. ಟೇಪಣ್ಣ ಕುತ್ತಿಗೆ ಅಡ್ಡ ಮಾಡಿಕೊಂಡೇ, "ರೂಲು ಎಲ್ಲರಿಗೂ ಒಂದೇ ಸ್ವಾಮಿ. ನನ್ನ ಅಪ್ಪ ದೋಣಿ ತಂದ್ರೂ ಎತ್ತೇ ಅಳೆಯೋದು" ಎನ್ನುತ್ತಿದ್ದರು. ಒಂದು ಇಂಚು ಹೆಚ್ಚು ಬರೆದವರಲ್ಲ, ಕಡಿಮೆಯೂ ಬರೆದವರಲ್ಲ. ಆ ಮಾತಿಗೆ ನಾನೇ ಸಾಕ್ಷಿ.

ಹಾಗೆ ಬಂದು ಹೋದವರಲ್ಲಿ ಒಬ್ಬರು ಮೇಷ್ಟ್ರು. ಲೆಕ್ಕ ಕಲಿಸುತ್ತಿದ್ದವರು. ಹದಿನೈದೂವರೆ ಅಡಿಯ ಬಿಳಿ ದೋಣಿ, ಪಕ್ಕದಲ್ಲಿ ಒಂದು ನೀಲಿ ಗೆರೆ. ರಜೆಯ ದಿನ ಒಬ್ಬರೇ ಹೋಗಿ ಒಬ್ಬರೇ ಬರುತ್ತಿದ್ದರು. ಹೊಸ ಅಳತೆ ಬಂದ ಮೇಲೆ ಒಂದು ವರ್ಷ ಹೇಗೋ ಕಟ್ಟಿದರು. ಮುಂದಿನ ವರ್ಷದ ಅಳತೆಗೆ ಬಂದು, "ನೋಡಿ, ಈ ಸಲ ಒಂದು ಇಳಿಬಿಟ್ಟು ಅಳೀರಿ. ನಿಮಗೇನೂ ಹೋಗಲ್ಲ" ಎಂದರು. ಟೇಪಣ್ಣ ಎತ್ತಿಯೇ ಅಳೆದರು. ಮೇಷ್ಟ್ರು ಕೂಗಾಡಲಿಲ್ಲ. ಸೀಟಿನ ಕೆಳಗಿದ್ದ ಚಪ್ಪಲಿ ತೆಗೆದುಕೊಂಡು ಹೊರಟುಹೋದರು. ಮತ್ತೆ ಬರಲಿಲ್ಲ. ಬಾಕಿ ಬೆಳೆಯಿತು, ಕವರು ಹರಿಯಿತು, ಕೊನೆಗೆ ದೋಣಿ ಯಾರ್ಡಿನ ಪಾಲಾಯಿತು.

ಟೇಪಣ್ಣನಿಗೆ ವಯಸ್ಸಾಗಿ ಕೆಲಸ ಬಿಡುವ ದಿನ ಬಂತು. ಯಜಮಾನರು ಕೈಗೆ ಕೊಡಬೇಕಾದ್ದರಲ್ಲಿ ಅರ್ಧ ದುಡ್ಡು ಕೊಟ್ಟು, ಉಳಿದರ್ಧಕ್ಕೆ ಆ ನೀಲಿ ಗೆರೆಯ ದೋಣಿ ತೋರಿಸಿದರು. ಟೇಪಣ್ಣ ಮರುಮಾತಾಡದೆ ಒಪ್ಪಿಕೊಂಡರು. ಮೂವತ್ತು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲೇ ಅಕ್ಕನಿಗೆ ಮಾತು ಕೊಟ್ಟಿದ್ದರಲ್ಲ, ನಮ್ಮದೇ ದೋಣಿಯಲ್ಲಿ ಕೂರಿಸಿಕೊಂಡು ಆಚೆ ದಡ ತೋರಿಸುತ್ತೇನೆ ಎಂದು. ಇಪ್ಪತ್ತಾರು ವರ್ಷ ಮಧ್ಯಾಹ್ನದ ಡಬ್ಬಿ ಹಿಡಿದು ಗೇಟಿನವರೆಗೆ ಬಂದ ಅಕ್ಕ ಒಂದು ದಿನವೂ ದೋಣಿ ಹತ್ತಿದವರಲ್ಲ. "ಬೇರೆಯವರದ್ದರಲ್ಲಿ ಕೂರೋದು ಬೇಡ" ಎಂದು ಟೇಪಣ್ಣನೇ ತಡೆದಿದ್ದರು. ಈಗ ಅಕ್ಕನ ಮೊಣಕಾಲು ಒಂದೊಂದು ಮೆಟ್ಟಿಲಿಗೂ ಕೂಗುತ್ತಿತ್ತು. ಇನ್ನೊಂದು ವರ್ಷ ಹೋದರೆ ಮಂಚದಿಂದ ಇಳಿಯುವುದೇ ದೊಡ್ಡ ಪ್ರಯಾಣ ಎಂದು ಡಾಕ್ಟರು ಹೇಳಿದ್ದರು.

"ಮಾತು ಕೊಟ್ಟವರು ಮುದುಕರಾದ್ರು, ಇಸ್ಕೊಂಡವಳು ಕುಂಟಿಯಾದಳು. ಆಚೆ ದಡ ಮಾತ್ರ ಅಲ್ಲೇ ಇದೆ" ಎಂದು ಅಕ್ಕ ಅನ್ನುತ್ತಿದ್ದರು. ಆದರೂ ಆ ದಿನಕ್ಕೆಂದು ತಲೆಗೆ ಕಟ್ಟುವ ಬಟ್ಟೆ ಒಂದನ್ನು ಕೊಂಡು ತಂದು ಬೀರುವಿನಲ್ಲಿ ಮಡಿಸಿಟ್ಟಿದ್ದರು. ನನಗೆ ತೋರಿಸಿದ್ದರು, ಗಂಡನಿಗೆ ತೋರಿಸಿರಲಿಲ್ಲ.

ಮನೆಗೆ ತರೋಣವೆಂದರೆ ನಮ್ಮ ಓಣಿ ಏಳು ಅಡಿ ಅಗಲ. ಟೇಪಣ್ಣ ಮೂರು ಸಲ ಅಳೆದರು. ಟ್ರೇಲರ್ ಓಣಿಯೊಳಗೆ ಬರುತ್ತದೆ, ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. "ಮಲಗೋ ಕೋಣೇಲಿ ನಿಲ್ಲಿಸಿ, ನಾವಿಬ್ರೂ ಬೀದೀಲಿ ಮಲಗೋಣ" ಎಂದರು ಅಕ್ಕ. ಹಾಗಾಗಿ ದೋಣಿ ಯಾರ್ಡಿನಲ್ಲೇ ಉಳಿಯಿತು. ಬಾಡಿಗೆಯ ವಿಚಾರ ಟೇಪಣ್ಣ ಕೇಳಲಿಲ್ಲ, ಯಜಮಾನರು ಹೇಳಲಿಲ್ಲ. ಇಷ್ಟು ವರ್ಷ ದುಡಿದವನಿಗೆ ಬಾಡಿಗೆ ಹಾಕುತ್ತಾರೆಯೇ ಎಂದುಕೊಂಡು ಟೇಪಣ್ಣ ಆರು ತಿಂಗಳು ಎಂಜಿನ್ ಬಿಚ್ಚಿ ಜೋಡಿಸಿ, ಪೆಟ್ರೋಲ್ ಪೈಪು ಬದಲಾಯಿಸಿ, ತುಕ್ಕು ಉಜ್ಜಿ ಕಳೆದರು. ಕವರು ನಾನೇ ಹೊಲಿದುಕೊಟ್ಟೆ.

ಎಲ್ಲ ಸಿದ್ಧವಾದ ಮೇಲೆ ಇಳಿಸುವ ದಿನ ಕೇಳಲು ಆಫೀಸಿಗೆ ಹೋದರು. ಯಜಮಾನರು ತಲೆ ಎತ್ತದೆ, "ಅಳತೆ ಆಗಿಲ್ವಲ್ಲ ನಿಂದು. ಅಳತೆ ಮಾಡಿಸಿ, ಆರು ತಿಂಗಳ ಬಾಡಿಗೆ ಕಟ್ಟಿ, ಆಮೇಲೆ ಇಳಿಸು" ಎಂದರು.

"ಬಾಡಿಗೇನಾ? ನನಗಾ?"

"ರೂಲು ಎಲ್ಲರಿಗೂ ಒಂದೇ ಅಂತ ಇಡೀ ಯಾರ್ಡಿಗೆ ಪಾಠ ಹೇಳಿದವನು ನೀನೇ ಅಲ್ವೇನಯ್ಯಾ?"

ಟೇಪಣ್ಣ ನನ್ನ ಕೋಣೆಗೆ ಬಂದು, ಸುರುಳಿ ಸುತ್ತಿದ ಕ್ಯಾನ್ವಾಸಿನ ಮೇಲೆ ಕೂತರು. ಅವರ ಕೈಯಲ್ಲಿ ಹದಿನಾರು ಸಾವಿರದ ಐನೂರು ಇತ್ತು. ಸಣ್ಣ ದರವಾದರೆ ಆರು ತಿಂಗಳ ಬಾಡಿಗೆ, ಒಂದು ಸಲ ಇಳಿಸಿ ಏರಿಸುವ ಚಾರ್ಜು ಎರಡೂ ಕಟ್ಟಿ, ಪೆಟ್ರೋಲಿಗೂ ಮಿಗುತ್ತಿತ್ತು. ದೊಡ್ಡ ದರವಾದರೆ ಬರೀ ಬಾಡಿಗೆಗೇ ಹದಿನಾರು ಸಾವಿರದ ಇನ್ನೂರು. ಉಳಿಯುವ ಮುನ್ನೂರಕ್ಕೆ ಟ್ರ್ಯಾಕ್ಟರಿನ ಹಾರ್ನೂ ಹೊಡೆಯುವುದಿಲ್ಲ. ಇಳಿಬಿಟ್ಟು ಅಳೆದರೆ ಅಕ್ಕ ಆಚೆ ದಡ ನೋಡುತ್ತಾರೆ. ಎತ್ತಿ ಅಳೆದರೆ ಇಲ್ಲ. ಲೆಕ್ಕ ಅಷ್ಟೇ.

"ಅಳೆಯೋನು ನಮ್ಮ ಹುಡುಗಾನೇ ಅಲ್ವಾ" ಎಂದರು ಕೊನೆಗೆ, ನನಗೆ ಹೇಳಿದರೋ ತಮಗೋ.

ಹೌದು, ಈಗ ಟ್ರ್ಯಾಕ್ಟರ್ ಮೇಲಿದ್ದವನು ಅವರ ಅಳಿಯ. ಟೇಪಣ್ಣನ ಕೈಕೆಳಗೇ ಕೆಲಸ ಕಲಿತವನು, ಆಮೇಲೆ ಮಗಳನ್ನು ಕಟ್ಟಿಕೊಂಡವನು. ಉಕ್ಕಿನ ಟೇಪು ಕೂಡ ಈಗ ಅವನ ಸೊಂಟದಲ್ಲೇ ಇತ್ತು. ಅಕ್ಕ ಅವನನ್ನು ಮನೆಗೆ ಕರೆದು ಬಾಯಿಬಿಟ್ಟೇ ಹೇಳಿದರು: "ನೋಡಪ್ಪಾ, ಒಂದು ಸಲ ಆ ದರಿದ್ರದ ಬಾಲ ಇಳಿಬಿಡು."

"ಯಜಮಾನ್ರು ಊಟಕ್ಕೆ ಹೋದಾಗ ಮಾಡ್ತೀನಿ ಅತ್ತೆ. ಮಾವಂಗೆ ಅಂತ ಮಾಡದೆ ಇನ್ಯಾರಿಗೆ ಮಾಡ್ಲಿ?"

ತೂಗಲು ಒಬ್ಬರಿಗೊಂದು ಇನ್ನೊಬ್ಬರಿಗೊಂದು ಎಂದು ಎರಡು ಕಲ್ಲು ಇಟ್ಟುಕೊಂಡವರನ್ನು ದೇವರು ಮೆಚ್ಚುವುದಿಲ್ಲ ಎಂದು ನಂಬಿ ಬದುಕಿದವಳು ನಾನು. ಆದರೂ ಅಳತೆಯ ದಿನ ಬೆಳಿಗ್ಗೆ ಕೈಮುಗಿದಾಗ, ಇವತ್ತೊಂದು ದಿನ ಕಣ್ಣು ಮುಚ್ಚಿಕೋ ತಂದೆ ಎಂದು ಬೇಡಿದೆ. ಸುಳ್ಳು ಬರೆಯಲಾರೆ, ಬೇಡಿದೆ.

ಮಧ್ಯಾಹ್ನ ಆಫೀಸಿನ ಬಾಗಿಲು ಮುಚ್ಚಿತು. ಅಕ್ಕ ಆ ಬಟ್ಟೆ ತಲೆಗೆ ಕಟ್ಟಿಕೊಂಡು, ಡಬ್ಬಿ ಹಿಡಿದು ಬಂದು ನನ್ನ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು. ಅಳಿಯ ದೋಣಿಯನ್ನು ಅಳತೆಯ ಕಟ್ಟೆಗೆ ಎಳೆದು ತಂದ. ಟೇಪಣ್ಣ ಎಂಜಿನ್ನಿನ ಹಿಡಿ ಒತ್ತಿ ಮೆಲ್ಲಗೆ ಇಳಿಬಿಟ್ಟರು. ಅಳಿಯ ಮೂತಿಯಿಂದ ಬಾಲದವರೆಗೆ ಟೇಪು ಎಳೆದು, "ಹದಿನೈದೂವರೆ ಮಾವ" ಎಂದ. ಪುಸ್ತಕ ತೆರೆದು ಬರೆಯಲು ಕಿಸೆಯಲ್ಲಿ ಪೆನ್ನು ಹುಡುಕತೊಡಗಿದ.

ಗೇಟಿನ ಹತ್ತಿರ ಯಾರೋ ಕೆಮ್ಮಿದರು. ಮೇಷ್ಟ್ರು. ಅವರನ್ನು ಯಾರೂ ಕರೆದಿರಲಿಲ್ಲ. ದೋಣಿ ಇವತ್ತು ನೀರಿಗಿಳಿಯುತ್ತದಂತೆ ಎಂದು ಪೆಟ್ರೋಲ್ ಬಂಕಿನಲ್ಲಿ ಕೇಳಿ, ಒಂದು ಸಲ ನೋಡಿ ಹೋಗೋಣ ಎಂದು ಬಂದಿದ್ದರು. ತುಂಬ ಇಳಿದುಹೋಗಿದ್ದರು, ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ನೀಲಿ ಗೆರೆಯ ಮೇಲೆ ಕೈ ಆಡಿಸಿದರು. ಆಮೇಲೆ ಹಿಂದಕ್ಕೆ ಹೋಗಿ ಇಳಿಬಿಟ್ಟ ಎಂಜಿನ್ ನೋಡಿದರು, ಅಳಿಯನ ಕೈಯ ಟೇಪು ನೋಡಿದರು.

"ಓಹೋ," ಎಂದರು. "ಈಗ ಹೀಗೆ ಅಳೀತಾರಾ?"

ಅಳಿಯ ಟೇಪನ್ನು ಸರಕ್ಕನೆ ಸುತ್ತಿಕೊಂಡ.

"ಒಳ್ಳೇದಾಯ್ತು ಬಿಡಿ. ಆವತ್ತು ಹೀಗೆ ಅಳೆದಿದ್ರೆ ಇದು ಇನ್ನೂ ನನ್ನ ಹತ್ರಾನೇ ಇರ್ತಿತ್ತು. ಯಾವಾಗ ಬದಲಾಯ್ತು ರೂಲು?"

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ನಮಗೆಲ್ಲ ಕಷ್ಟವಾದದ್ದು. ರೂಲು ಬದಲಾಗಿದೆ ಎಂದೇ ಅವರು ತಿಳಿದಿದ್ದರು. "ಹೋದ ತಿಂಗಳು ಸಾರ್" ಎಂದುಬಿಟ್ಟ ಅಳಿಯ. ಪೆನ್ನು ಸಿಕ್ಕಿತ್ತು. ಬರೆದರೆ ಮುಗಿಯುತ್ತಿತ್ತು.

ಟೇಪಣ್ಣ ಆ ದಿನ ಮೇಷ್ಟ್ರನ್ನು ನೆಟ್ಟಗೆ ನೋಡಿದ್ದನ್ನು ನಾನು ಕಂಡೆ. ಕುತ್ತಿಗೆ ತಿರುಗುವುದಿಲ್ಲವೆಂದು ಇಡೀ ಮೈಯನ್ನೇ ತಿರುಗಿಸಿ ನಿಂತಿದ್ದರು. "ರೂಲು ಬದಲಾಗಿಲ್ಲ ಮೇಷ್ಟ್ರೇ" ಎಂದರು. ಎಂಜಿನ್ನಿನ ಹಿಂದೆ ಹೋಗಿ, ಎರಡೂ ಕೈಹಾಕಿ ಅದನ್ನು ಎತ್ತಿ ಕೊಂಡಿ ಹಾಕಿದರು. "ಅಳೆ."

"ಮಾವ, ಸುಮ್ನಿರಿ. ಅತ್ತೆ ಕೂತಿದ್ದಾರೆ."

"ಅಳೆ ಅಂದೆ."

ಅಳಿಯ ನಮ್ಮ ಕಿಟಕಿಯ ಕಡೆ ನೋಡಿದ. ಟೇಪು ಕಿರ್ರೆಂದು ಬಿಚ್ಚಿಕೊಂಡಿತು. ಹದಿನೇಳು ಅಡಿ.

ಟೇಪಣ್ಣ ಅಲ್ಲಿಗೇ ನಿಲ್ಲಿಸಲಿಲ್ಲ. "ಮೇಷ್ಟ್ರೇ, ಇದನ್ನ ನೀವೇ ಇಟ್ಕೊಳ್ಳಿ" ಎಂದರು. ಮೇಷ್ಟ್ರು ಹೆದರಿದವರಂತೆ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ ಬೇಡಪ್ಪಾ. ಇಡೋದಕ್ಕೆ ಜಾಗ ಎಲ್ಲಿ? ಬಾಡಿಗೆ ಯಾರು ಕಟ್ತಾರೆ? ಆ ಚಿಂತೆ ಬಿಟ್ಟ ಮೇಲೇನೇ ನನಗೆ ಒಂಚೂರು ನಿದ್ದೆ ಹತ್ತಿದ್ದು" ಎಂದು, ಬಂದ ಹಾಗೆಯೇ ಹೊರಟುಹೋದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಟೇಪಣ್ಣನೂ ಕೇಳಲಿಲ್ಲ. ಯಾರಾದರೊಬ್ಬರು ಬಾಯಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಊಟ ಮುಗಿಸಿ ಬಂದ ಯಜಮಾನರು ದುಡ್ಡು ಎಣಿಸಿಕೊಂಡರು. ಮುನ್ನೂರು ವಾಪಸು ಕೊಟ್ಟು, "ಇಳಿಸೋದು ಯಾವತ್ತು?" ಎಂದು ಕೇಳಿದರು. ಇಳಿಸಲು ದುಡ್ಡಿಲ್ಲ, ನಿಲ್ಲಿಸಿದರೆ ಮತ್ತೆ ಬಾಡಿಗೆ. ಟೇಪಣ್ಣ ದೋಣಿಯನ್ನು ಯಾರ್ಡಿಗೇ ಬಿಟ್ಟುಕೊಡುವುದಾಗಿ ಹೇಳಿದಾಗ ಕಾಗದ ಮೊದಲೇ ಡ್ರಾಯರಿನಲ್ಲಿತ್ತು. ಬಾಡಿಗೆಗೆ ಸೋತವರು ಕೊನೆಗೆ ಸಹಿ ಹಾಕುವ ಕಾಗದ. ಮೇಷ್ಟ್ರ ಮನೆಗೆ ಕಳಿಸಿ ಹಾಕಿಸಿಕೊಂಡದ್ದೂ ಅದೇ ಇರಬೇಕು.

ಸಹಿ ಹಾಕಿ ಬರುವಷ್ಟರಲ್ಲಿ ಅಕ್ಕ ಸ್ಟೂಲಿನ ಮೇಲಿರಲಿಲ್ಲ. ಅಳಿಯನ ಹೆಗಲು ಹಿಡಿದು, ನನ್ನ ಸ್ಟೂಲನ್ನೇ ಮೆಟ್ಟಿಲು ಮಾಡಿಕೊಂಡು, ಟ್ರೇಲರ್ ಮೇಲಿನ ದೋಣಿ ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದರು. ತಲೆಗೆ ಕಟ್ಟಿದ ಬಟ್ಟೆ ಹಾಗೇ ಇತ್ತು. ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಟೇಪಣ್ಣ ಬಂದು ಪಕ್ಕದಲ್ಲಿ ನಿಂತರು.

"ನನಗಿಂತ ಮೇಷ್ಟ್ರೇ ಹೆಚ್ಚಾದ್ರಲ್ಲ" ಎಂದರು ಅಕ್ಕ.

"ಅವರ ಕಣ್ಣೆದುರಿಗೆ ಆಗ್ಲಿಲ್ಲ ಕಣೇ."

"ಮೂವತ್ತು ವರ್ಷ ನಾನಿದ್ದೆ ಕಣ್ಣೆದುರಿಗೆ."

ಅಕ್ಕ ಇಳಿಜಾರಿನ ಕಡೆ ನೋಡುತ್ತಿದ್ದರು. ಅಲ್ಲಿಂದ ನೀರು ಕಾಣುತ್ತದೆ, ಆಚೆ ದಡ ಕಾಣುವುದಿಲ್ಲ. ನಡುವೆ ಬೇರೆಯವರ ದೋಣಿಗಳ ಸಾಲು ಅಡ್ಡ. ಅತ್ತಲೇ ನೋಡುತ್ತ ಕೇಳಿದರು: "ನೀರಲ್ಲಿ ಇದು ತುಂಬ ಅಲ್ಲಾಡುತ್ತಾ?"

ಟೇಪಣ್ಣ ದೋಣಿಯ ಅಂಚಿಗೆ ಎರಡೂ ಅಂಗೈ ಒತ್ತಿ ಒಮ್ಮೆ ಕೆಳಕ್ಕೆ ನೂಕಿದರು, ಬಿಟ್ಟರು, ಮತ್ತೆ ನೂಕಿದರು. ಟ್ರೇಲರಿನ ಸ್ಪ್ರಿಂಗು ಕಿರುಗುಟ್ಟಿತು. ದೋಣಿ ಅತ್ತಿತ್ತ ತೂಗಿತು. ಅಕ್ಕ ಕಣ್ಣು ಮುಚ್ಚಿಕೊಂಡು ಒಂದಷ್ಟು ಹೊತ್ತು ತೂಗಿಸಿಕೊಂಡರು. ಆಮೇಲೆ ಕಂಬಿ ಬಿಟ್ಟು, ತಲೆಯ ಬಟ್ಟೆ ಬಿಚ್ಚಿ ಮಡಿಸತೊಡಗಿದರು.

"ಸಾಕು ಬಿಡ್ರೀ," ಎಂದರು. "ಯಾರಾದ್ರೂ ನೋಡಿದ್ರೆ ಇದಕ್ಕೂ ಚಾರ್ಜು ಹಾಕ್ತಾರೆ."