ತೂತಿಲ್ಲದೆ ಕೂರಿಸಿದ ರ‍್ಯಾಕ್

ಕಳೆದ ವರ್ಷ ಶ್ರಾವಣದ ಮೊದಲ ಶನಿವಾರ ಶಿವಾಜಿನಗರದ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ನನ್ನ ತಂಗಿಯ ಪಿಕಪ್ ಗಾಡಿಗೆ ಕಬ್ಬಿಣದ ರ‍್ಯಾಕ್ ಕೂರಿಸಲಾಯಿತು. ಗಾಡಿಗೆ ಒಂದೂ ತೂತು ಹೊಡೆಯಲಿಲ್ಲ.

ತಂಗಿ ಮದುವೆ ಮಂಟಪಗಳಿಗೆ ಸ್ಟೇಜ್ ಅಲಂಕಾರ ಮಾಡಿಕೊಡುತ್ತಾಳೆ. ಹೊರಗಿನ ಕಮಾನಿಗೆ ಬೇಕಾದ ಪೈಪುಗಳು ಗಾಡಿಯ ಹಿಂದೆ ಸಾಮಾನು ತುಂಬುವ ತೊಟ್ಟಿಗಿಂತ ಉದ್ದ. ಅವು ಹಿಂದಕ್ಕೆ ಚಾಚಿಕೊಂಡಿದ್ದಕ್ಕೆ ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ಟ್ರಾಫಿಕ್ ಪೊಲೀಸರು ಅವಳನ್ನು ಆಗಲೇ ಎರಡು ಸಲ ನಿಲ್ಲಿಸಿದ್ದರು. ಪೈಪುಗಳು ಕ್ಯಾಬಿನ್ ಮೇಲೆ ಮಲಗಬೇಕು, ಅದಕ್ಕೊಂದು ರ‍್ಯಾಕ್ ಬೇಕು. ಶೋರೂಮಿನವರು ಹೇಳಿದ ಬೆಲೆ ಅವಳ ಕೈಗೆ ಎಟುಕುವಂತಿರಲಿಲ್ಲ. ಬಿಚ್ಚಿ ಹಾಕಿದ ಹಳೆಯ ಗಾಡಿಯೊಂದರ ರ‍್ಯಾಕ್ ಶಿವಾಜಿನಗರದಲ್ಲಿ ಅಗ್ಗಕ್ಕೆ ಸಿಕ್ಕಿತು.

ಅವಸರಕ್ಕೆ ಕಾರಣವಿತ್ತು. ಕೆ.ಆರ್. ಪುರದ ಮಂಟಪವೊಂದರ ಮಾಲೀಕರು ಅವಳಿಗೆ ಒಂದು ಅವಕಾಶ ಕೊಟ್ಟಿದ್ದರು. ಅವರು ಅಲ್ಲಿನ ಹಳೆಯ ಊರಿನವರು; ತಂದೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲೇ ಮಂಟಪ ಕಟ್ಟಿಸಿದವರು. "ಭಾನುವಾರ ಸಂಜೆ ರಿಸೆಪ್ಷನ್ ಐತೆ. ಮಧ್ಯಾಹ್ನದೊಳಗೆ ಸ್ಟೇಜೂ ಕಮಾನೂ ಎರಡೂ ಎದ್ದು ನಿಂತಿದ್ರೆ ಈ ಸೀಸನ್ ಪೂರ್ತಿ ನಿಂದೇ ಕಣಮ್ಮ," ಎಂದಿದ್ದರು. ತಂಗಿಗೆ ಅಲ್ಲಿಯವರೆಗೆ ಯಾವ ಮಂಟಪದಿಂದಲೂ ಖಾಯಂ ಕೆಲಸ ಸಿಕ್ಕಿರಲಿಲ್ಲ.

ಶೆಡ್ಡಿನ ಮಾಲೀಕ ಗಾಡಿಯ ಸುತ್ತ ಒಂದು ಸುತ್ತು ಬಂದು, ಕೆಳಗೆ ಬಗ್ಗಿ ನೋಡಿ, "ಚಾಸಿಗೆ ಡ್ರಿಲ್ ಮಾಡಿ ನಾಲ್ಕು ಬೋಲ್ಟ್ ಹೊಡೆದ್ರೆ ಆಯ್ತು ಮೇಡಂ. ಚಾಯ್ ಕುಡಿಯೋದ್ರೊಳಗೆ ಮುಗೀತದೆ," ಎಂದ. ಅಷ್ಟರಲ್ಲಿ ಜೀವನ್ ಬಿಮಾ ನಗರದ ಮನೆಯಿಂದ ಅಮ್ಮನ ಫೋನ್ ಬಂತು. ತಂಗಿ ಸ್ಪೀಕರ್ ಹಾಕಿ ವಿಷಯ ಹೇಳಿದಳು. ಅದು ಮೊದಲ ತಪ್ಪು.

"ಡ್ರಿಲ್ಲಾ? ಹೊಸ ಗಾಡಿಗಾ? ಒಂದು ಆಯುಧಪೂಜೇನೂ ಆಗಿಲ್ಲ, ಆಗ್ಲೇ ಮೈಯೆಲ್ಲ ತೂತು ಹೊಡೆಸ್ತೀರಾ?"

ಇದು ಯಾವ ಪಂಚಾಂಗದಲ್ಲಿ ಬರೆದಿದೆ ಎಂದು ನಾನು ಕೇಳಿದೆ.

"ಎಲ್ಲದಕ್ಕೂ ಪ್ರೂಫ್ ಕೇಳ್ಬೇಡ. ಇದು ನಿನ್ನ ನ್ಯೂಸ್ ಡೆಸ್ಕ್ ಅಲ್ಲ."

ಶೆಡ್ಡಿನವನು ನಮ್ಮ ಪರ ನಿಲ್ಲುತ್ತಾನೆ ಎಂದುಕೊಂಡಿದ್ದೆ. ಅವನು ಡ್ರಿಲ್ಲಿನ ವೈರನ್ನು ಗೋಡೆಯಿಂದ ಕಿತ್ತು ಸುತ್ತಿಟ್ಟ. "ಅಮ್ಮಾ ಬೇಡ ಅಂದ್ರೆ ಬೇಡ, ಖತಮ್. ನಮ್ಮ ಅಮ್ಮೀನೂ ಹಿಂಗೇ. ನೀವು ಟೆನ್ಷನ್ ತಗೋಬೇಡಿ, ಕ್ಲ್ಯಾಂಪಲ್ಲಿ ಕೂರಿಸ್ತೀನಿ."

ಈ ಗಾಡಿಗಳ ತೊಟ್ಟಿಗೆ ಮೂರು ಕಡೆ ಕೆಳಕ್ಕೆ ಬಿಚ್ಚಿಕೊಳ್ಳುವ ತಗಡಿನ ಬಾಗಿಲುಗಳಿರುತ್ತವೆ. ಡ್ರೈವರುಗಳು ಅವಕ್ಕೆ ಡಾಲಾ ಎನ್ನುತ್ತಾರೆ. ತೂತಿಲ್ಲದೆ ಕ್ಲ್ಯಾಂಪ್ ಹಿಡಿಯಲು ಇದ್ದ ಜಾಗ ಡಾಲಾದ ಅಂಚು ಮಾತ್ರ. ಅವನು ರ‍್ಯಾಕಿನ ಕಾಲುಗಳನ್ನು ಮುಚ್ಚಿದ ಡಾಲಾಗಳಿಗೆ ಬಿಗಿದ. ಒಂದು ಕ್ಲ್ಯಾಂಪು ಎರಡು ಡಾಲಾ ಸೇರುವ ಮೂಲೆಯನ್ನೇ ಕಚ್ಚಿ ಹಿಡಿಯಿತು, ಇನ್ನೊಂದು ಮೂಲೆಯಲ್ಲೂ ಹಾಗೆಯೇ. ಬಿಗಿದ ಮೇಲೆ ಅವನು ನೇತಾಡಿ ತೋರಿಸಿದ. ನಾನೂ ಅಲುಗಾಡಿಸಿದೆ. ತಂಗಿ ಫೋಟೊ ತೆಗೆದು ಅಮ್ಮನಿಗೆ ಕಳಿಸಿದಳು. ಅಮ್ಮ ಕೈಮುಗಿಯುವ ಚಿಹ್ನೆ ಹಾಕಿದರು. ಡಾಲಾ ಬಿಚ್ಚಿ ನೋಡಬೇಕೆಂದು ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಭಾನುವಾರ ಬೆಳಿಗ್ಗೆ, ಹಲಸೂರಿನಲ್ಲಿ. ತಂಗಿ ಅಲ್ಲಿ ಬಾಡಿಗೆಗೆ ಹಿಡಿದ ಗೋಡೌನಿನ ಮುಂದೆ ಗಾಡಿ ನಿಲ್ಲಿಸಿದೆವು. ಪೈಪುಗಳು ರ‍್ಯಾಕಿನ ಮೇಲೆ ಚೆನ್ನಾಗಿ ಕೂತವು. ಸ್ಟೇಜಿನ ಪ್ಲೈವುಡ್ ಹಲಗೆಗಳನ್ನು ತೊಟ್ಟಿಗೆ ತಳ್ಳಲು ಅವಳು ಹಿಂದಿನ ಡಾಲಾದ ಕೊಂಡಿ ಎತ್ತಿದಳು. ಕೊಂಡಿ ಬಂತು, ಡಾಲಾ ಬರಲಿಲ್ಲ. ಎಡಗಡೆಯದೂ ಇಲ್ಲ, ಬಲಗಡೆಯದೂ ಇಲ್ಲ. ಅವಳು ಶೆಡ್ಡಿನವನಿಗೆ ಫೋನ್ ಮಾಡಿದಳು.

"ಡಾಲಾ ತೆಗೀಬೇಕು ಅಂತ ನೀವು ಹೇಳ್ಲೇ ಇಲ್ವಲ್ಲ ಮೇಡಂ?"

"ಗಾಡಿ ಡಾಲಾ ತೆಗೀತೀವಿ ಅಂತ ಬಾಯ್ಬಿಟ್ಟು ಹೇಳ್ಬೇಕೇನ್ರೀ? ಸೀಟ್ ಮೇಲೆ ಕೂತ್ಕೋತೀವಿ ಅಂತಾನೂ ಹೇಳ್ಬೇಕಿತ್ತಾ?"

"ಕೋಪ ಮಾಡ್ಕೋಬೇಡಿ. ಕ್ಲ್ಯಾಂಪ್ ಲೂಸ್ ಮಾಡೋಣ ಅಂದ್ರೆ ಆಗಲ್ಲ, ನಟ್ಟಿಗೆಲ್ಲ ಒಂದೊಂದು ವೆಲ್ಡಿಂಗ್ ಚುಕ್ಕಿ ಇಟ್ಟಿದೀನಿ."

"ಯಾಕೆ?"

"ಕಳ್ರು ಬಿಚ್ಕೊಂಡ್ ಹೋಗ್ಬಾರ್ದಲ್ಲ."

ಅಮ್ಮನಿಗೆ ಯಾರೂ ಫೋನ್ ಮಾಡಲಿಲ್ಲ, ಅವರೇ ಮಾಡಿದರು. ಎಲ್ಲ ಕೇಳಿಸಿಕೊಂಡು, "ಮೇಲಿಂದ ಹಾಕ್ಕೊಳ್ಳಿ ಅಷ್ಟೆ. ಎಲ್ಲದಕ್ಕೂ ಬಾಗಿಲೇ ಬೇಕಾ?" ಎಂದರು. ತಂಗಿ ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ ಬೋರಲು ಹಾಕಿದಳು.

ಮೇಲಿಂದಲೇ ಹಾಕಿದೆವು, ಬೇರೆ ದಾರಿ ಇರಲಿಲ್ಲ. ಮೇಲೆ ಪೈಪುಗಳಿದ್ದುದರಿಂದ ಹಲಗೆ ನೇರವಾಗಿ ಇಳಿಯುತ್ತಿರಲಿಲ್ಲ. ಪೈಪುಗಳನ್ನು ಕೆಳಗಿಳಿಸಿ, ಒಂದೊಂದೇ ಹಲಗೆಯನ್ನು ರ‍್ಯಾಕಿನ ಕಾಲುಗಳ ನಡುವೆ ಓರೆ ಮಾಡಿ ತೂರಿಸಿ, ನಾನು ಒಳಗೆ ನಿಂತು ಹಿಡಿದುಕೊಂಡು, ಕೊನೆಗೆ ಪೈಪುಗಳನ್ನು ಮತ್ತೆ ಮೇಲೇರಿಸಿದೆವು. ಹಾದುಹೋದ ಆಟೋದವನೊಬ್ಬ ನಿಧಾನ ಮಾಡಿ, "ಗುರು, ಹಿಂದೆ ಡೋರ್ ಇದೆ ನೋಡು," ಎಂದು ಹೇಳಿ ಹೋದ. ನಾನು ಹಲಗೆಗಳನ್ನು ಹಿಡಿದುಕೊಂಡು ತೊಟ್ಟಿಯಲ್ಲೇ ನಿಂತೆ, ತಂಗಿ ಗಾಡಿ ಹೊರಡಿಸಿದಳು.

ಟಿನ್ ಫ್ಯಾಕ್ಟರಿಯಲ್ಲಿ ಪೊಲೀಸರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಮಂಟಪ ತಲುಪುವ ಹೊತ್ತಿಗೆ ಅಡುಗೆಯವರು ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಬಾಗಿಲಲ್ಲಿ ಬೇರೆಯವರು ಕಮಾನು ನಿಲ್ಲಿಸುತ್ತಿದ್ದರು. ಮಾಲೀಕರು ಗಾಡಿಯೊಳಗೆ ನಿಂತಿದ್ದ ನನ್ನನ್ನೂ ರ‍್ಯಾಕನ್ನೂ ನೋಡಿದರು.

"ಏನಮ್ಮ, ನಿಮ್ಮಣ್ಣನ್ನ ಬೋನಲ್ಲಿ ಹಾಕ್ಕೊಂಡ್ ಬಂದಿದೀಯ?"

"ಸರ್, ಸ್ಟೇಜ್ ಎರಡು ಗಂಟೇಲಿ ಎಬ್ಬಿಸ್ತೀನಿ."

"ಸ್ಟೇಜ್ ಎಬ್ಬಿಸು. ಕಮಾನು ಅವ್ರಿಗೆ ಹೇಳ್ಬಿಟ್ಟೆ. ಗಂಡಿನ ಕಡೆಯವ್ರು ಬಂದಾಗ ಬಾಗ್ಲು ಬೋಳಾಗಿರ್ಬಾರ್ದಲ್ಲ."

ಪೈಪುಗಳನ್ನು ಕೆಳಗಿಳಿಸಿದೆವು. ಹಲಗೆಗಳು ಹೋದ ದಾರಿಯಲ್ಲೇ ಹೊರಬಂದವು. ರಿಸೆಪ್ಷನ್ ಶುರುವಾಗುವ ಮುಂಚೆ ಸ್ಟೇಜು ಸಿದ್ಧವಾಯಿತು, ಹೂವು ಕೊನೆಯ ಸಾಲಿನವರೆಗೂ ಸರಿಯಾಗಿ ಬಂತು. ಪೈಪುಗಳನ್ನು ಕಮಾನಿಗೆ ಬಳಸದೆಯೇ ಮತ್ತೆ ರ‍್ಯಾಕಿಗೇರಿಸಿ ವಾಪಸು ತಂದೆವು.

ಆಯುಧಪೂಜೆಯವರೆಗೂ ಅವಳು ಸಾಮಾನನ್ನು ಮೇಲಿಂದಲೇ ಹಾಕಿದಳು. ಪೂಜೆಯ ಮರುದಿನ ಅಮ್ಮನೇ ಶೆಡ್ಡಿಗೆ ಬಂದರು. ನಟ್ಟುಗಳನ್ನು ಗ್ರೈಂಡರಿನಲ್ಲಿ ಕೊಯ್ದು, ಚಾಸಿಗೆ ನಾಲ್ಕು ಬೋಲ್ಟ್ ಹಾಕಲಾಯಿತು. ಚಾಯ್ ಬರುವ ಮೊದಲೇ ಕೆಲಸ ಮುಗಿಯಿತು.

ದೀಪಾವಳಿ ಕಳೆದ ಮೇಲೆ ಮಂಟಪದ ಮಾಲೀಕರು ಫೋನ್ ಮಾಡಿದರು. ಮುಂದಿನ ಸೀಸನ್ನಿನ ಸ್ಟೇಜ್ ಕೆಲಸವನ್ನು ತಂಗಿಗೆ ಕೊಟ್ಟರು. ಕಮಾನಿನ ಕೆಲಸ ಈಗಲೂ ಬೇರೆಯವರದ್ದು.